ವಿದ್ಯಾಧೀಶರ ಭಂಗಿ

ಎಲ್ಲದಕ್ಕೂ ಕಾರಣ ನಂದಿತಾಳ ಗಂಟಲು. ಮುಳಬಾಗಿಲಿನ ಆ ಇಕ್ಕಟ್ಟು ಬೀದಿಯಲ್ಲಿ ಗೇಟಿನಿಂದಲೇ, “ಸಾರ್, ಭಂಗಿ ಶುರುಮಾಡಿದ ಮೇಲೆ ನಿದ್ದೆ ಹೇಗಿದೆ?” ಎಂದು ಕೂಗಿಬಿಟ್ಟಳು.

ಜಗಲಿಯ ಮೇಲಿದ್ದ ವಿದ್ಯಾಧೀಶರು ಥಟ್ಟನೆ ಬೀದಿಯ ಆಚೀಚೆ ನೋಡಿದರು. ನಿವೃತ್ತ ಅಕೌಂಟೆಂಟ್, ಮಠದ ಪಾಠ ತಪ್ಪಿಸದವರು. ಸೊಂಟದಿಂದ ಕಾಲಿಗಿಳಿಯುವ ಸೆಳೆತಕ್ಕೆ ವರ್ಷಗಟ್ಟಲೆ ನಿದ್ದೆಗೆಟ್ಟಿದ್ದರು. ಕೋಲಾರದ ಆಯುರ್ವೇದ ವೈದ್ಯರೊಬ್ಬರು ದಿನಕ್ಕೆರಡು ಚಮಚದಂತೆ ಭಂಗಿಸೊಪ್ಪಿನ ಲೇಹ್ಯ ಕೊಟ್ಟ ಮೇಲೆಯೇ ಕಣ್ಣಿಗೆ ನಿದ್ದೆ ಹತ್ತಿದ್ದು. ಸರ್ಕಾರದ ಒಪ್ಪಿಗೆಯಿದ್ದ ಔಷಧಿಯೇ. ಅದು ಯಾರಿಗೆ ಒಗ್ಗಿತು, ಯಾರಿಗಿಲ್ಲ ಎಂದು ರೋಗಿಗಳ ಮನೆಗೆ ಹೋಗಿ ದಾಖಲಿಸುವುದು, ಒಗ್ಗಿದವರಿಗೆ ಮುಂದಿನ ಡಬ್ಬಿ ಕೊಡುವುದು ನಂದಿತಾಳ ಕೆಲಸ. ಆದರೆ ಗಾಂಜಾ ಗಿಡದ್ದು ಎಂದು ಬೀದಿಗೆ ಹೇಳುವುದುಂಟೆ? ತಳ ಕಂಡಿದ್ದ ಹಳೆಯ ಡಬ್ಬಿ ದೇವರಮನೆಯಲ್ಲಿ, ತಪ್ಪು ಮಾಡಿದ ಮಗುವಿನಂತೆ ಅಡಗಿ ಕುಳಿತಿತ್ತು.

“ಸಂಜೆ ಬಾಮ್ಮ, ಸಂಜೆ!” ಎಂದು ಅವಳನ್ನು ಸಾಗಹಾಕುವಷ್ಟರಲ್ಲಿ ಪಕ್ಕದ ಮನೆ ಭಾರತಮ್ಮನ ತಲೆ ಕಾಂಪೌಂಡಿನ ಮೇಲೆ ಮೂಡಿತ್ತು.

“ಏನ್ ಸಾರ್ ಅದು, ಭಂಗಿ?”

“ಯೋಗದ್ದಮ್ಮಾ. ಯೋಗದ ಭಂಗಿ.”

“ಅಯ್ಯೋ ದೇವುಡಾ! ಅದಕ್ಕೇ ಮುಖದಲ್ಲಿ ಕಳೆ ಬಂದಿದೆ. ನಮ್ಮ ಯಜಮಾನ್ರ ಸೊಂಟಾನೂ ನೆಟ್ಟಗಿಲ್ಲ, ಒಸಿ ತೋರಿಸ್ಕೊಡಿ.”

ಟೀವಿಯಿಂದ ಮನೆಮನೆಗೂ ಯೋಗದ ಹುಚ್ಚು ಹಬ್ಬಿದ್ದ ಕಾಲ. ಮಧ್ಯಾಹ್ನಕ್ಕೆ ಅಂಗಳದ ತುಂಬ ಬೀದಿಯವರ ಚಾಪೆ. ಯೋಗವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ವಿದ್ಯಾಧೀಶರು ಒಂದು ಕಾಲೆತ್ತಿ ಕೊಕ್ಕರೆಯಾದರು, ಹಿಂದಕ್ಕೆ ಬಾಗಿ ಒಂಟೆಯಾದರು. “ಇನ್ನೊಂದು ಸಾರ್!” ಎಂದರು ಭಾರತಮ್ಮನ ಯಜಮಾನ ನರಸಿಂಹಪ್ಪ. ನಾಲ್ಕನೆಯದಕ್ಕೆ ಸೊಂಟ ತುಕ್ಕು ಹಿಡಿದ ಗೇಟಿನಂತೆ ಅರ್ಧಕ್ಕೇ ಕಚ್ಚಿಕೊಂಡಿತು.

ಸಂಜೆ ನಂದಿತಾ ಬಂದಾಗ ಚಾಪೆಗಳನ್ನೆಲ್ಲ ಸುತ್ತಿಟ್ಟಾಗಿತ್ತು. ವಿದ್ಯಾಧೀಶರು ಜಗಲಿಯ ಮೇಲೆ ಬೋರಲು ಬಿದ್ದು ನರಳುತ್ತಿದ್ದರು.

“ಏನಾಯ್ತು ಸಾರ್?”

“ಭಂಗಿ ಜಾಸ್ತಿ ಆಗೋಯ್ತಮ್ಮ,” ಎಂದರು ಭಾರತಮ್ಮ. “ಒಂದೇ ಏಟಿಗೆ ನಾಲ್ಕು!”

“ನಾಲ್ಕಾ? ದಿನಕ್ಕೆ ಎರಡೇ ಅಂದಿದ್ರಲ್ಲ ಡಾಕ್ಟ್ರು!”

“ಹೌದೇನಮ್ಮ? ನಮ್ಗೆ ಹೇಳ್ಲೇ ಇಲ್ಲ ನೋಡು ಸಾರು.”

ವಿದ್ಯಾಧೀಶರು ಬಾಯಿ ತೆರೆದರು. ನಿಜ ಹೇಳಿದರೆ ನಿದ್ದೆ ಉಳಿಯುತ್ತದೆ, ಮಾನ ಹೋಗುತ್ತದೆ. ಸುತ್ತಲೂ ಇಡೀ ಬೀದಿ ಅವರನ್ನೇ ನೋಡುತ್ತಿತ್ತು. ಬಾಯಿ ಮುಚ್ಚಿದರು.

‘ಭಂಗಿಯಿಂದ ನೋವು ಉಲ್ಬಣ’ ಎಂದು ನಂದಿತಾ ಬರೆದುಕೊಂಡಳು. ಚೀಲದಿಂದ ಅರ್ಧ ಹೊರತೆಗೆದಿದ್ದ ಹೊಸ ಡಬ್ಬಿಯನ್ನು ಮತ್ತೆ ಒಳಗೆ ತಳ್ಳಿದಳು.

“ಇನ್ನು ನಿಮಗೆ ಭಂಗಿ ಬಂದ್ ಸಾರ್.”

ಅವಳು ಬೀದಿಯ ತಿರುವು ದಾಟಿದ್ದೇ ಭಾರತಮ್ಮ ಅವರ ಕಿವಿಯ ಬಳಿ ಬಗ್ಗಿದರು.

“ಆ ಹುಡುಗಿ ಬೇಡ ಅಂದ್ರೆ ಬಿಡ್ತೀವಾ ಸಾರ್? ನಾಳೆಯಿಂದ ನಾವೇ ಹಿಡ್ಕೊಂಡು ಮಾಡಿಸ್ತೀವಿ. ದಿನಕ್ಕೆ ಎರಡೇ!”