ಮನಾಲಿಯಲ್ಲಿ ಸೌಟು ಹಿಡಿದ ಅತ್ತೆ

ಈ ಪ್ರವಾಸಕ್ಕೆ ನನ್ನ ಕಿಸೆಯಿಂದ ಹೋದದ್ದು ನೂರಾ ಇಪ್ಪತ್ತು ರೂಪಾಯಿ ಮಾತ್ರ. ಅದೂ ನಮ್ಮ ಅತ್ತೆಯ ಉಣ್ಣೆಯ ಕಾಲುಚೀಲಕ್ಕೆ. ಅಂಗಡಿಯವ ಮುನ್ನೂರು ಹೇಳಿದ್ದ, ನಾನು ಬಿಡುತ್ತೇನೆಯೇ! ವಿಮಾನ, ಹೋಟೆಲು, ಊಟ ಎಲ್ಲವೂ ಬೀಜದ ಕಂಪನಿಯದು. ಸಂಶಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿಯಿದೆ. ಹೆಚ್ಚು ಮಾರಿದ ಡೀಲರುಗಳನ್ನು ಕಂಪನಿ ಮನಾಲಿಗೆ ಕಳಿಸಿತು, ಜೊತೆಗೊಬ್ಬರನ್ನು ಕರೆದೊಯ್ಯಬಹುದಿತ್ತು. ಮಗಳು ಬಾಣಂತನಕ್ಕೆ ಬಂದಿದ್ದರಿಂದ ಹೆಂಡತಿ ಮನೆ ಬಿಡುವಂತಿರಲಿಲ್ಲ. ಪುಕ್ಕಟೆ ಟಿಕೆಟ್ಟು ಹಾಳಾಗುವುದನ್ನು ನೋಡಲಾರದೆ ಅಪ್ಪನ ಅಕ್ಕನನ್ನು, ಅಂದರೆ ನಮ್ಮ ಅತ್ತೆಯನ್ನು, ಹೊರಡಿಸಿದೆ.

ಅತ್ತೆಗೆ ಒಂದು ರೋಗವಿದೆ. ಯಾವ ಡಾಕ್ಟರಿಗೂ ಅದರ ಹೆಸರು ಗೊತ್ತಿಲ್ಲ. ಯಾರಾದರೂ ತಮ್ಮ ತಾಟಿಗೆ ತಾವೇ ಬಡಿಸಿಕೊಳ್ಳುವುದು ಕಣ್ಣಿಗೆ ಬಿದ್ದರೆ ಆಕೆಯ ಕೈ ಸುಮ್ಮನಿರುವುದಿಲ್ಲ! ಮದುವೆಗೆ ಹೋದರೆ ವಧುವಿನ ಮುಖ ನೋಡುವ ಮೊದಲೇ ಪಂಕ್ತಿಗೆ ನುಗ್ಗಿ ಸೌಟು ಹಿಡಿಯುತ್ತಾಳೆ. ಒಮ್ಮೆ ಅಣ್ಣಿಗೇರಿಯಲ್ಲಿ ಎರಡು ತಾಸು ಬೆವರು ಸುರಿಸಿ ಬಡಿಸಿದ ಮೇಲೆ ತಿಳಿಯಿತು, ನಮ್ಮ ಬೀಗರ ಮದುವೆ ಬಾಜೂ ಮಂಟಪದಲ್ಲಿತ್ತು!

"ಅದಕ್ಕೇನಾತಲೇ? ಇವರ ಹುಗ್ಗಿನೂ ಅಗದಿ ಛಲೋ ಇತ್ತು" ಎಂದಳು.

ವಿಮಾನದಲ್ಲಿ ಗಗನಸಖಿ ತಿಂಡಿಯ ಗಾಡಿ ತಳ್ಳಿಕೊಂಡು ಬಂದಾಗ ಅತ್ತೆ ಬೆಲ್ಟು ಬಿಚ್ಚಿ ಎದ್ದು ನಿಂತಳು.

"ಪಾಪ, ಹುಡುಗಿ ಒಬ್ಬಾಕಿನ ಬಡಸಾಕತ್ತಾಳ. ಹಿಂದಿನ ಪಂಕ್ತಿ ನಾ ನೋಡಕೋತೇನಿ."

"ಕುಂಡ್ರ ಬೇ ಅತ್ತಿ! ಅದು ಮಾರೂ ತಿಂಡಿ."

"ಹಸದ ಕುಂತವ್ರಿಗೆ ಮಾರತಾರ? ಇಷ್ಟ ಮ್ಯಾಲ ಬಂದ್ರೂ ಬುದ್ಧಿ ಬಂದಿಲ್ಲ ನೋಡ ಇವರಿಗೆ!"

ಮನಾಲಿಯ ಹೋಟೆಲಿನಲ್ಲಿ ಮರುದಿನ ಬೆಳಗಿನ ತಿಂಡಿ. ಬಫೆ! ನಾಲ್ಕು ರಾಜ್ಯಗಳ ಡೀಲರುಗಳು, ಅವರ ಕೋಟುಗಳು, ಅವರ ಹೆಂಡಂದಿರ ಸೆಂಟು. ನಾನು ಉಪಾಯ ಮಾಡಿ ಕಂಪನಿಯ ದೊಡ್ಡ ಸಾಹೇಬರ ಟೇಬಲ್ಲಿನಲ್ಲೇ ಜಾಗ ಹಿಡಿದೆ. ಇಡೀ ಕುಂದಗೋಳ ತಾಲೂಕಿನ ಏಜೆನ್ಸಿ ಯಾರಿಗೆ ಎಂಬುದು ಅವರ ಕೈಯಲ್ಲಿತ್ತು. ನಿಜ ಹೇಳಬೇಕೆಂದರೆ ನಾನು ಹೋದದ್ದೇ ಅದಕ್ಕೆ. ಹಿಮ ಕಟ್ಟಿಕೊಂಡು ನನಗೇನಾಗಬೇಕಿತ್ತು?

ತಿರುಗಿ ನೋಡುತ್ತೇನೆ, ಅತ್ತೆ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೋಟೆಲಿನ ಸೌಟು ಹಿಡಿದು, ಸಾಲಿನಲ್ಲಿದ್ದವರಿಗೆಲ್ಲ ಬಡಿಸುತ್ತಿದ್ದಾಳೆ.

"ತಮ್ಮ ಕೈಲೆ ತಾವ ಬಡಿಸ್ಕೊಳ್ಳೂದಂದ್ರ ಏನ್ರಿ? ಬಡಸಾವ್ರೇನು ಸತ್ತಾರ? ಹಿಡೀರಿ ತಾಟು!"

ಕನ್ನಡ ಬಾರದ ಜನ ದನಿಗೇ ಹೆದರಿ ತಾಟು ಹಿಡಿದರು. ಆಳೆತ್ತರದ ಡೀಲರೊಬ್ಬ ಸಾಕೆಂದು ಕೈ ಅಡ್ಡ ಇಟ್ಟರೆ, ಬೆರಳ ಸಂದಿಯಿಂದಲೇ ಉಪ್ಪಿಟ್ಟು ಇಳಿಸಿದಳು!

ನಮ್ಮ ಟೇಬಲ್ಲಿನವರೆಲ್ಲ ನಕ್ಕರು. ಸಾಹೇಬರು ಹಿಂದಿಯಲ್ಲಿ ಕೇಳಿದರು, "ಈಕೆ ಯಾರ ಜೊತೆ ಬಂದವರು?"

ಎಲ್ಲರ ಕಣ್ಣು ನನ್ನ ಮೇಲೆ. ನಾನೂ ಹಿಂದಿಯಲ್ಲೇ ಹೇಳಿಬಿಟ್ಟೆ: "ನಮ್ಮ ಮನೆಯ ಅಡುಗೆಯಾಕೆ, ಸಾಹೇಬರೇ. ಪಾಪ, ಹಿಮ ನೋಡಲಿ ಎಂದು ಕರೆತಂದೆ."

ಎಂಥ ದೊಡ್ಡ ಮನಸ್ಸು ಎಂದು ಅವರು ನನ್ನನ್ನು ಹೊಗಳಿದರು. ನಾನು ಹೊಗಳಿಸಿಕೊಂಡೆ! ಆಚೆ ಅತ್ತೆಯ ಸೌಟು ಒಂದು ಕ್ಷಣ ನಿಂತು ಮತ್ತೆ ನಡೆಯಿತು. ಆಕೆಗೆಲ್ಲಿ ಹಿಂದಿ ತಿಳಿಯಬೇಕು ಎಂದುಕೊಂಡೆ.

ಅಂದಿನಿಂದ ಅತ್ತೆ ಊಟಕ್ಕೆ ನಮ್ಮ ಬಸ್ಸುಗಳ ಡ್ರೈವರುಗಳ ಜೊತೆ ಕುಳಿತಳು. ಕರೆದರೆ, "ನೀ ದೊಡ್ಡವ್ರ ಜೋಡಿ ಕುಂಡ್ರು, ನಾ ಇಲ್ಲೇ ಆರಾಮ ಅದೇನಿ" ಎಂದಳು. ಹಿಮದಲ್ಲಿ ನನ್ನ ಚೀಲ ಹೊತ್ತು ಎರಡು ಹೆಜ್ಜೆ ಹಿಂದೆಯೇ ನಡೆದಳು. ನನಗೆ ಅನುಕೂಲವಾಯಿತೆಂದು ಸುಮ್ಮನಾದೆ.

ಹೊರಡುವ ದಿನ ಸಾಹೇಬರು ಕೈ ಕುಲುಕಿದರು. "ನಿಮ್ಮ ಅಡುಗೆಯವರ ಹಿಂದಿ ಎಷ್ಟು ಚೆನ್ನಾಗಿದೆ! ಹುಬ್ಬಳ್ಳಿ ಪೇಟೆಯಲ್ಲಿ ಮೆಣಸಿನಕಾಯಿ ಮಾರುತ್ತಾ ಕಲಿತರಂತೆ. ನಿಮ್ಮನ್ನು ಎರಡು ವರ್ಷದ ಕೂಸಿನಿಂದ ತಾವೇ ಉಣಿಸಿ ಬೆಳೆಸಿದರಂತೆ, ನಮ್ಮ ಧಣಿ ಬಂಗಾರದಂಥವರು ಎಂದರು. ಇಂಥ ಆಳು ಈಗೆಲ್ಲಿ ಸಿಗುತ್ತಾರೆ!"

ಆಕೆ ಮೆಣಸಿನಕಾಯಿ ಮಾರಿದ್ದು ನನಗೆ ಗೊತ್ತಿತ್ತು. ಯಾರಿಗೆ, ಯಾವ ಮಾತಿನಲ್ಲಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಆಗಲಾದರೂ ನಿಜ ಹೇಳಬಹುದಿತ್ತಲ್ಲ? "ಹೌದು ಸಾಹೇಬರೇ" ಎಂದೆ. ಏಜೆನ್ಸಿ ನನಗೇ ಸಿಕ್ಕಿತು.

ವಿಮಾನ ನಿಲ್ದಾಣಕ್ಕೆ ಹೊರಟ ಬಸ್ಸಿನಲ್ಲಿ ಅತ್ತೆಯ ಬಾಜೂ ಕುಳಿತು, "ಅತ್ತಿ, ತಪ್ಪಾತು ಬೇ" ಎಂದೆ.

ಆಕೆ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಏನ ತಪ್ಪಲೇ? ನಿಮ್ಮವ್ವ ಹ್ವಾದ ಮ್ಯಾಲ ನೀ ಯಾರ ಕೈಲೂ ಉಣ್ಣತಿದ್ದಿಲ್ಲ. ನಿನಗ ಅಡಗಿ ಮಾಡಿ ಹಾಕಾಕಂತನ ನಾ ಗಂಡನ ಮನಿ ಬಿಟ್ಟ ಬಂದೆ. ಅಡಗಿಯಾಕಿ ಅಂದಿ, ಖರೇನ ಅಂದಿ." ಉಣ್ಣೆಯ ಕಾಲುಚೀಲ ಮೇಲಕ್ಕೆಳೆದುಕೊಂಡು ಹೇಳಿದಳು, "ಪಾಪ ಅಂದ್ಯಲ್ಲಾ, ಅದೊಂದ ಅನಬಾರದಿತ್ತು ತಮ್ಮಾ."

ಹಿರಿಯರನ್ನು ಪ್ರವಾಸಕ್ಕೆ ಕರೆದೊಯ್ಯುವವರಿಗೆ ನನ್ನ ಸಲಹೆ ಇಷ್ಟೇ. ಆಧಾರ್ ಕಾರ್ಡಿನ ಎರಡು ಜೆರಾಕ್ಸ್ ಇಟ್ಟುಕೊಳ್ಳಿ. ಹೋಟೆಲಿನಲ್ಲಿ ಕೆಳಗಿನ ಕೋಣೆಯನ್ನೇ ಜಗಳಾಡಿ ಪಡೆಯಿರಿ. ಗುಳಿಗೆಗಳು ಕೈಚೀಲದಲ್ಲೇ ಇರಲಿ. ಮೊದಲ ದಿನ, ಯಾರೂ ಕೇಳುವ ಮೊದಲೇ, ಅವರ ಕೈ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಇವರು ನಿಮಗೆ ಏನಾಗಬೇಕೆಂದು ಎಲ್ಲರಿಗೂ ಹೇಳಿಬಿಡಿ. ಕೇಳಿದಾಗ ಹೇಳಿದರಾಯಿತು ಎಂದು ಮಾತ್ರ ಕಾಯಬೇಡಿ. ಆ ಹೊತ್ತಿಗೆ ನಾಲಿಗೆ ಯಾರ ಕಡೆ ಇರುತ್ತದೋ, ಹೇಳಲಾಗದು.