ಎಂಟು ಕಿಲೋ ಕಸಿ

ಹೊಗೆ ಎಳೆಯುವ ಪಂಪಿನ ನಳಿಕೆ ಬೆರಳಗಲ ಸೀಳಿತ್ತು. ಯೋಗಿರಾಜನ ಆ ದಿನದ ಫಜೀತಿಗೆಲ್ಲ ಅದೇ ಮೂಲ.

ಅಕ್ಕಲಕೋಟ ರಸ್ತೆಯ ಒಂದು ಕಾರಖಾನೆಯಲ್ಲಿ ಅವನು ಪ್ಲಾಸ್ಟಿಕ್ ಕರಗಿಸುವ ಮಷಿನ್ನಿನ ಆಪರೇಟರ್. ಬರೀ ಪ್ಲಾಸ್ಟಿಕ್ ಲೋಹಕ್ಕೆ ಅಂಟುವುದಿಲ್ಲ. ಕರಗಿ ಹರಿಯುವಾಗಲೇ ಅದಕ್ಕೆ ಮೆಲೇಯಿಕ್ ಎಂಬ ರಾಸಾಯನಿಕ ಪುಡಿಯನ್ನು ಕಸಿ ಕಟ್ಟಬೇಕು. ಹದಿನೈದು ದಿನದಿಂದ ಆ ಕಸಿಯೇ ಕೂಡಿರಲಿಲ್ಲ.

"ಇವತ್ತ ಸ್ಯಾಂಪಲ್ ಪಾಸಾಗಲಿಲ್ಲಂದ್ರ ನಾಳಿಂದ ಗೋದಾಮಿನ್ಯಾಗ ಚೀಲಾ ಹೊರು," ಎಂದು ಮಾಲಕ ಸಾತಲಿಂಗಪ್ಪನವರು ಬೆಳಿಗ್ಗೆಯೇ ಹೇಳಿದ್ದರು. ಚೀಲ ಇಪ್ಪತ್ತೈದು ಕಿಲೋದ್ದು. ಯೋಗಿರಾಜ ಐವತ್ತು ಕಿಲೋದವನು.

ಸೀಳಿದ ನಳಿಕೆಯಿಂದ ಪುಡಿಯ ಘಾಟು ನುಗ್ಗಿತು. ಹತ್ತು ಚೀಲ ಉಳ್ಳಾಗಡ್ಡಿ ಒಮ್ಮೆಗೇ ಹೆಚ್ಚಿದಂತೆ ಕಣ್ಣು ಸುರಿಯತೊಡಗಿದವು. ಹೊರಗೆ ಬಂದು ಗೋಡೆಗೆ ಒರಗಿದ. ಪಕ್ಕದ ಟಾವೆಲ್ ಕಾರಖಾನೆಯ ಮಂದಾಕಿನಿ ಮಾವಶಿ ನೋಡಿಬಿಟ್ಟಳು.

"ಯಾರ್ ಹೋದ್ರೋ ತಮ್ಮಾ?"

ಹೇಳಲು ಬಾಯಿ ತೆರೆದ. ಕೆಮ್ಮು ಬಂತು, ಮಾತು ಬರಲಿಲ್ಲ.

"ಅಯ್ಯ ಯವ್ವಾ! ಪಾಪ, ಬಾಯೇ ಬಂದ್ ಆಗೈತಿ. ಹತ್ತಿರದವರ ಇರಬೇಕು!"

ಐದು ನಿಮಿಷದಲ್ಲಿ ಟಾವೆಲ್ಲಿನವರೆಲ್ಲ ಸೇರಿದರು. ಒಳಗೆ ಇಣುಕಿದವರ ಕಣ್ಣಲ್ಲೂ ನೀರು, ಅಳು ಸಾಮೂಹಿಕವಾಯಿತು. ಅವರ ಫಿಟ್ಟರ್ ಕಲ್ಲಣ್ಣ ಮೂಗು ಒರೆಸಿಕೊಳ್ಳುತ್ತ, "ಮಂದಿ ಸತ್ತಾಗ ಮಷಿನ್ ನಡಸ್ತಾರೇನು? ಮನಷ್ಯಾತನ ಐತಿಲ್ಲೋ?" ಎಂದು ಬಟನ್ ಒತ್ತಿ ನಿಲ್ಲಿಸಿಯೇ ಬಿಟ್ಟ. ಯೋಗಿರಾಜನಿಗೆ ಚಹಾ ಕುಡಿಸಿ, ಬೆನ್ನು ಸವರಿ, ಇಪ್ಪತ್ತು ನಿಮಿಷ ಹಿಡಿದು ಕೂರಿಸಿದರು. ಮಷಿನ್ ತಿರುಗುವುದು ನಿಂತರೂ ಬಿಸಿ ಆರಿರಲಿಲ್ಲ; ಅದರ ಬ್ಯಾರಲ್ಲಿನಲ್ಲಿ ಎಂಟು ಕಿಲೋ ಮಾಲು ಬೇಯುತ್ತಲೇ ಇತ್ತು.

ಕೆಮ್ಮು ನಿಂತ ಮೇಲೆ ಅವನೇ ಹೇಳಿ, ಯಾರೂ ಸತ್ತಿಲ್ಲವೆಂದು ತಿಳಿದಾಗ ಮಾವಶಿ ಉರಿದೆದ್ದಳು. "ಫುಕಟ ಅಳಸಿದೆಲ್ಲೋ! ಮ್ಯಾಲ ಚಹಾನೂ ಹ್ವಾತು!"

ನಳಿಕೆಗೆ ಟೇಪು ಸುತ್ತಿ ಮಷಿನ್ ಚಾಲೂ ಮಾಡುವುದಕ್ಕೂ ಮಾಲಕರು ಗಿರಾಕಿಯೊಂದಿಗೆ ಬರುವುದಕ್ಕೂ ಸರಿಹೋಯಿತು. ಮೊದಲು ಹೊರಬಿದ್ದ ಮಾಲನ್ನೇ ಎರಡು ತೆಳು ಅಲ್ಯುಮಿನಿಯಂ ಪಟ್ಟಿಗಳ ನಡುವೆ ಒತ್ತಿ, ತಣಿಸಿ, ದೇವರನ್ನು ನೆನೆದು ಕೊಟ್ಟ. ಗಿರಾಕಿ ಎಳೆದ. ಬಿಡಲಿಲ್ಲ. ಮಾಲಕರೂ ಒಂದು ತುದಿ ಹಿಡಿದರು. ಇಬ್ಬರೂ ಕಾಲು ಊರಿ ಜಗ್ಗಿದರು. ಪಟ್ಟಿ ಹರಿಯಿತು, ಅಂಟು ಬಿಡಲಿಲ್ಲ!

"ಶಾಬ್ಬಾಸ್ ಹುಲಿ!" ಮಾಲಕರು ಅವನನ್ನು ಎತ್ತಿಯೇ ಬಿಟ್ಟರು. ಗಿರಾಕಿ ನಿಂತಲ್ಲೇ ಐದು ಟನ್ನಿನ ಆರ್ಡರ್ ಕೊಟ್ಟ.

"ಹ್ಯಾಂಗ್ ಮಾಡಿದಿ?" ಮಾಲಕರು ಕೇಳಿದರು.

ಗೆದ್ದವನಿಗೆ ಸುಳ್ಳು ಬೇಕಿರಲಿಲ್ಲ. "ಎಂಟು ಕಿಲೋ ತುಂಬಿ, ಇಪ್ಪತ್ತ ಮಿನಿಟ್ ಮಷಿನ್ ನಿಲ್ಲಸೂದ್ರಿ ಮಾಲಕ್ರ."

"ಐದೂ ಟನ್ ಹಂಗ ಮಾಡು. ಇನ್ನ ಮಷಿನ್ ನಿಂದೇ!"

ಯೋಗಿರಾಜ ಮಷಿನ್ನಿನ ಬೆನ್ನು ತಟ್ಟಿದ. ಹೊರಟಿದ್ದ ಮಾಲಕರು ಬಾಗಿಲಲ್ಲಿ ತಿರುಗಿದರು.

"ಅಲ್ಲೋ, ಎಂಟೆಂಟ್ ಕಿಲೋಕ್ಕ ಇಪ್ಪತ್ತಿಪ್ಪತ್ತ ಮಿನಿಟ್ ಖಾಲಿ ಕುಂತು ಏನ್ ಮಾಡ್ತಿ? ಅಷ್ಟೊತ್ತು ಗೋದಾಮಿನ್ಯಾಗ ಚೀಲಾ ಹೊರು."