ಮೋರಿಯ ಮೇಲೆ ನನ್ನ ಅಂಗಡಿ

ಎಸ್ಟೇಟೊಂದರಲ್ಲಿ ರೈಟರಾಗಿ, ಅಂದರೆ ಜೀವಮಾನವಿಡೀ ಬೇರೆಯವರ ಕಾಫಿಯ ಲೆಕ್ಕ ಬರೆದು ನಿವೃತ್ತನಾದ ನಾನು, ಕೊನೆಗೂ ನನ್ನದೇ ಒಂದು ಕಾಫಿಪುಡಿ ಅಂಗಡಿ ತೆರೆದೆ. ಪುಡಿ ಘಮಘಮ ಎನ್ನುತ್ತಿತ್ತು. ಬೋರ್ಡು ಭವ್ಯವಾಗಿತ್ತು. ಗಿರಾಕಿ ಎಂಬ ಸಣ್ಣ ಕೊರತೆಯೊಂದನ್ನು ಬಿಟ್ಟರೆ ವ್ಯಾಪಾರಕ್ಕೆ ಬೇಕಾದ್ದೆಲ್ಲ ಇತ್ತು!

ನಮ್ಮ ಮನೆ ಇರುವುದು ಅತ್ತಿಗುಂಡಿ ರಸ್ತೆಯಿಂದ ಒಳಗೆ, ಜೀಪು ಕೂಡ ಗೊಣಗಿಕೊಂಡು ಹತ್ತುವ ಮಣ್ಣುದಾರಿಯ ತುದಿಯಲ್ಲಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಆ ಕೋಣೆಯ ಮೇಲೆ ನನ್ನ ಹೆಂಡತಿ ಶಾರದೆ ಮೊದಲಿನಿಂದಲೂ ಕಣ್ಣಿಟ್ಟಿದ್ದಳು.

"ಮೆಣಸಿನ ಕೊಯ್ಲಿನೊಳಗೆ ವ್ಯಾಪಾರ ಹತ್ತಿದ್ರೆ ಸರಿ. ಇಲ್ಲಾಂದ್ರೆ ಅಲ್ಲಿ ಮೆಣಸಿನ ಚೀಲ ಇಡ್ತೀನಿ. ನೀವು ಚೀಲದ ಮೇಲೆ ಕೂತ್ಕೊಂಡು ಅಂಗಡಿ ಅನ್ಕೊಳ್ಳಿ," ಎಂದು ಕೊನೆಯ ನೋಟಿಸು ಕೊಟ್ಟಳು.

ಅದೇ ವಾರ ಚಿಕ್ಕಮಗಳೂರಿನ ಕ್ಷೌರದಂಗಡಿಯಲ್ಲಿ ನನಗೆ ಜ್ಞಾನೋದಯವಾಯಿತು. ಈಗಿನ ಪ್ರವಾಸಿಗರು ದಾರಿಯನ್ನು ಮನುಷ್ಯರಲ್ಲಿ ಕೇಳುವುದಿಲ್ಲ, ಫೋನಿನಲ್ಲಿ ಕೇಳುತ್ತಾರಂತೆ. ಮ್ಯಾಪಿನಲ್ಲಿ ಅಂಗಡಿಯ ಗುರುತು ಹಾಕಿದರೆ ತಾವಾಗಿಯೇ ಬರುತ್ತಾರೆ. ಬಂದವರು ಅಲ್ಲಿಂದಲೇ ಫೋಟೊ ಹಾಕಿದರೆ ಅವರ ಸ್ನೇಹಿತರೂ ಬರುತ್ತಾರೆ. ಇಷ್ಟು ಸುಲಭವೇ!

ಆದರೆ ನಮ್ಮ ಮನೆಗೆ ನೆಟ್‌ವರ್ಕ್ ಇಲ್ಲ. ಊರಿಗೆಲ್ಲ ನೆಟ್‌ವರ್ಕ್ ಸಿಗುವುದು ರಸ್ತೆ ತಿರುವಿನ ಮೋರಿ ಕಟ್ಟೆಯ ಮೇಲೆ ಮಾತ್ರ. ಮದುವೆ ಮಾತುಕತೆ, ಬೇಲಿ ಜಗಳ, ಗ್ಯಾಸ್ ಬುಕಿಂಗ್ ಎಲ್ಲವೂ ನಡೆಯುವುದು ಅಲ್ಲೇ. ಸೋಮವಾರ ಬೆಳಿಗ್ಗೆ ನಾನೂ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕಟ್ಟೆಯೇರಿ ಕುಳಿತೆ. ಅಂಗಡಿಯ ಹೆಸರು ಬರೆದೆ.

"ನೀವು ಈಗ ಇರುವ ಸ್ಥಳವನ್ನೇ ಗುರುತು ಮಾಡಲೇ?" ಎಂದು ಫೋನು ಬಹು ವಿನಯದಿಂದ ಕೇಳಿತು. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರಾದರೂ ಏನನ್ನಾದರೂ ಕೇಳಿ ವರ್ಷಗಳೇ ಆಗಿದ್ದವು. ಆಗಲಿ ಎಂದೆ! ಫೋಟೊ ಕೇಳಿತು. ಎದುರಿಗಿದ್ದ ಮಂಜಿನ ಕಣಿವೆಯನ್ನು ತೆಗೆದು ಹಾಕಿದೆ. ಕೊನೆಗೆ, "ಇಲ್ಲಿಗೆ ಬಂದು ಫೋಟೊ ಹಾಕಿದವರಿಗೆ ಒಂದು ಲೋಟ ಕಾಫಿ ಉಚಿತ" ಎಂದು ಘೋಷಿಸಿ, ದಾನಶೂರನಂತೆ ಮನೆಗೆ ಹೋದೆ.

ಭಾನುವಾರವಿಡೀ ಅಂಗಡಿಯಲ್ಲಿ ನೆಟ್ಟಗೆ ಕುಳಿತಿದ್ದೆ. ಒಬ್ಬರೂ ಬರಲಿಲ್ಲ. ಮರುದಿನ ಮೋರಿಗೆ ಹೋದರೆ ಫೋನು ಟಣಟಣ ಎಂದಿತು. "ಅದ್ಭುತ ಜಾಗ!" ಎಂದು ಹಲವರು ಹೊಗಳಿದ್ದರು. "ಕಾಫಿ ಮಾತ್ರ ಸಿಗಲಿಲ್ಲ" ಎಂದು ಒಬ್ಬರು ಬರೆದಿದ್ದರು. ಇದು ಯಾರ ಕೆಲಸವೆಂದು ನನಗೆ ತಕ್ಷಣ ಹೊಳೆಯಿತು.

"ನಾನು ಊಟಕ್ಕೆ ಎದ್ದಾಗ ಬಂದವರನ್ನ ಕಾಫಿ ಕೊಡದೆ ಕಳಿಸಿದ್ಯಾ?" ಎಂದು ಶಾರದೆಯನ್ನು ವಿಚಾರಣೆಗೆ ಒಳಪಡಿಸಿದೆ.

"ಎಲ್ಲಿಗ್ರೀ ಬಂದ್ರು? ನಂಗೆ ಕಂಡಿದ್ದು ನಮ್ಮ ನಾಯಿ ಒಂದೇ!"

ಸತ್ಯ ಮುಂದಿನ ಭಾನುವಾರ ಏದುಸಿರು ಬಿಡುತ್ತಾ ಬಂತು, ಸುಬ್ಬೇಗೌಡರ ರೂಪದಲ್ಲಿ. ಮೋರಿಯ ಪಕ್ಕದ ಗೇಟು ಅವರದು.

"ಎಂಥ ಮಾಡಿಟ್ಟಿದ್ದೀರಿ ಮಾರಾಯ್ರೆ! ನನ್ನ ಗೇಟಿನೆದುರು ಕಾರೇ ಕಾರು! ಎಲ್ರೂ ನಿಮ್ಮ ಅಂಗಡಿ ಹುಡುಕ್ತಿದ್ದಾರೆ. ಒಬ್ಬ ಬಗ್ಗಿ ಮೋರಿ ಒಳಗೂ ನೋಡ್ದ ರೈಟ್ರೇ!"

ಸ್ಕೂಟರಿನಲ್ಲಿ ಮೋರಿಗೆ ಧಾವಿಸಿದೆ. "ಅಂಕಲ್, ಫ್ರೀ ಕಾಫಿ ಎಲ್ಲಿ?" ಎಂದು ಜನ ಮುತ್ತಿಕೊಂಡರು. ನಾನು ಗಾಬರಿಯಾಗಲಿಲ್ಲ. "ನನ್ನ ಹಿಂದೆ ಬನ್ನಿ," ಎಂದು ಮತ್ತೆ ಸ್ಕೂಟರ್ ಏರಿ, ದಂಡನಾಯಕನಂತೆ ಮಣ್ಣುದಾರಿಗೆ ತಿರುಗಿದೆ. ಹಿಂದಿನ ದಿನ ಮಳೆ ಬಂದಿತ್ತು. ಮೊದಲ ಕಾರು ಮೊದಲ ತಿರುವಿನಲ್ಲೇ ಹೂತುಕೊಂಡಿತು. ಹಿಂದಿನವರು ಮುಂದೆ ಹೋಗುವಂತಿಲ್ಲ, ಮುಂದಿನವರು ಹಿಂದೆ ಬರುವಂತಿಲ್ಲ. ನನ್ನ ದಂಡಯಾತ್ರೆ ಅಲ್ಲಿಗೆ ಮುಗಿಯಿತು!

ಗೌಡರು ಬಯ್ಯುತ್ತಲೇ ಜೀಪು ತಂದು ಹಗ್ಗ ಕಟ್ಟಿದರು. ಅಷ್ಟರಲ್ಲಿ ಹಾರನ್ನುಗಳ ಗಲಾಟೆ ಕೇಳಿ ಶಾರದೆ ಇಳಿದು ಬಂದಳು. ಒಂದು ಕೈಯಲ್ಲಿ ಕಾಫಿಯ ದೊಡ್ಡ ಫ್ಲಾಸ್ಕು, ಇನ್ನೊಂದರಲ್ಲಿ ಪುಡಿಯ ಪೊಟ್ಟಣ ತುಂಬಿದ ಬುಟ್ಟಿ. ಕಾಫಿ ಕುಡಿದವರು ಪುಡಿ ಕೇಳಿದರು. ಕೊಂಡವರನ್ನು ನೋಡಿ ಉಳಿದವರೂ ಕೇಳಿದರು. ಕಾರು ಕೆಸರಿನಿಂದ ಮೇಲೆ ಬರುವಷ್ಟರಲ್ಲಿ ಬುಟ್ಟಿ ಖಾಲಿ!

"ನಾಳೆಯೇ ಮ್ಯಾಪಿನ ಗುರುತು ಸರಿ ಮಾಡ್ತೀನಿ," ಎಂದೆ.

"ಮುಟ್ಬೇಡಿ!" ಶಾರದೆ ಕೂಗಿದಳು. "ಈ ಜನ್ಮದಲ್ಲಿ ನೀವು ಸರಿಯಾಗಿ ಮಾಡಿದ ತಪ್ಪು ಇದೊಂದೇ."

ಆ ವಾರವೇ ಅಂಗಡಿ ಸುಬ್ಬೇಗೌಡರ ಗೇಟಿನ ಪಕ್ಕ ಖಾಲಿ ಬಿದ್ದಿದ್ದ ಹಳೆಯ ಜೀಪ್ ಶೆಡ್ಡಿಗೆ ಬಂತು. ಬಾಡಿಗೆ, ಬೆಳಿಗ್ಗೆ ಸಂಜೆ ಅವರಿಗೆ ಕಾಫಿ. ಈಗ ಶನಿವಾರ ಭಾನುವಾರ ಶೆಡ್ಡಿನೆದುರು ಸಾಲು ನಿಲ್ಲುತ್ತದೆ. ಮನೆಯ ಕೋಣೆಯಲ್ಲಿ ಮೆಣಸಿನ ಚೀಲಗಳೂ ಸುಖವಾಗಿವೆ. ಇಷ್ಟಕ್ಕೆಲ್ಲ ಕಾರಣಕರ್ತನಾದ ನಾನು ಮಾಲೀಕನ ಗತ್ತಿನಲ್ಲಿ ಮೋರಿ ಕಟ್ಟೆಯ ಮೇಲೆ ಕುಳಿತು ಜನರ ಅಭಿಪ್ರಾಯಗಳನ್ನು ಓದುತ್ತೇನೆ. ನಿನ್ನೆ ಬಂದದ್ದು ಇದು:

"ಆಂಟಿ ಕಾಫಿ ಸೂಪರ್. ಜಾಗ ಸೂಪರ್. ಮೋರಿ ಮೇಲೆ ಕೂರುವ ಅಂಕಲ್ ಸ್ವಲ್ಪ ಸರಿದರೆ ಫೋಟೊ ಇನ್ನೂ ಚೆನ್ನಾಗಿ ಬರುತ್ತೆ."

ಕೆಳಗೆ ಅಂಗಡಿಯ ಪರವಾಗಿ ಶಾರದೆ ಆಗಲೇ ಉತ್ತರ ಕೊಟ್ಟಿದ್ದಳು: "ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ಸರಿದು ಕುಳಿತಿದ್ದೇನೆ.